ಪಿಳ್ಳಮ್ಮನ ವಯಸ್ಸು

ಗಂಡಸಿನ ಸಂಬಳ, ಹೆಂಗಸಿನ ವಯಸ್ಸು ಕೇಳಬಾರದು ಅನ್ನುತ್ತಾರೆ. ಸರ್ಕಾರಕ್ಕೆ ಅಂಥ ಮುಲಾಜು ಎಲ್ಲಿಂದ ಬರಬೇಕು? ಈ ವರ್ಷ ಅದು ಪಿಳ್ಳಮ್ಮನ ವಯಸ್ಸು ಕೇಳಿತು. ಕೇಳಿ, ಸಾಲದು ಅಂದಿತು.

ಗವಿಪುರಂನ ವಠಾರದ ಕೊನೆಯ ಕೋಣೆಯಲ್ಲಿ ಪಿಳ್ಳಮ್ಮ ಮತ್ತು ಅವಳ ಗಂಡ ಅಣ್ಣಯ್ಯಪ್ಪ ಇದ್ದರು. ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರಿ ಬದುಕಿದವರು. ಅವನಿಗೆ ಲಕ್ವ ಹೊಡೆದು ಮಂಚ ಹಿಡಿದ ಮೇಲೆ ಬುಟ್ಟಿಯೆಲ್ಲ ಅವಳ ತಲೆಗೇ ಬಂತು. ಮಂಡಿ ಸವೆದು ಹೋಯಿತು. ಹೋದ ವರ್ಷ ಅವಳಿಗೂ ವೃದ್ಧಾಪ್ಯ ಪಿಂಚಣಿ ಶುರುವಾದಾಗ ಬುಟ್ಟಿ ಮಂಚದಡಿ ಸೇರಿತು. ಅವತ್ತು ಅವಳು ಹಬ್ಬವಿಲ್ಲದೆಯೂ ಪಾಯಸ ಮಾಡಿದ್ದಳು.

ಆಮೇಲೆ ಸುಧಾರಣೆ ಬಂತು. ಮುದುಕರು ಹೆಚ್ಚಾದರು, ಹೀಗೇ ಕೊಡುತ್ತ ಹೋದರೆ ಮುಂದಿನವರಿಗೆ ಖಜಾನೆಯಲ್ಲಿ ಏನೂ ಉಳಿಯುವುದಿಲ್ಲ ಎಂದು ಪಿಂಚಣಿಯ ವಯಸ್ಸನ್ನು ಅರವತ್ತರಿಂದ ಅರವತ್ತೈದಕ್ಕೆ ಏರಿಸಿದರು. ಲೆಕ್ಕ ಸರಿಯೇ ಇರಬಹುದು. ಲೆಕ್ಕ ಹಾಕಿದವರು ಬುಟ್ಟಿ ಹೊರುವುದಿಲ್ಲ, ಅಷ್ಟೆ. ಆಧಾರ್ ಪ್ರಕಾರ ಪಿಳ್ಳಮ್ಮನಿಗೆ ಅರವತ್ತೊಂದು. ಪಿಂಚಣಿ ನಿಂತಿತು. ಗಂಡನಿಗೆ ಅವಳು, "ತಡ ಆಗ್ತೈತೆ" ಎಂದಷ್ಟೇ ಹೇಳಿದಳು.

ನಿಜವಾಗಿ ಅವಳಿಗೆ ಅರವತ್ತೆಂಟು. ಗಂಡನಿಗಿಂತ ಎರಡು ವರ್ಷ ದೊಡ್ಡವಳು. ಹೆಂಡತಿ ದೊಡ್ಡವಳಾದರೆ ಗಂಡನ ಆಯಸ್ಸು ಕಮ್ಮಿ ಎಂಬ ಮಾತಿಗೆ ಹೆದರಿ, ಹೆಣ್ಣು ನೋಡಲು ಬಂದವರ ಮುಂದೆ ಅವಳಪ್ಪ ಹುಡುಗನಿಗಿಂತ ಐದು ವರ್ಷ ಚಿಕ್ಕವಳು ಅಂದುಬಿಟ್ಟಿದ್ದ. ಆಧಾರ್ ಮಾಡಿಸುವಾಗ ಗಂಡ ಪಕ್ಕದಲ್ಲೇ ನಿಂತಿದ್ದ. ಅವನ ವಯಸ್ಸಿನಲ್ಲಿ ಐದು ಕಳೆದು ಬರೆಸಿದಳು.

ಕಚೇರಿಯಲ್ಲಿ ವಸಂತ್ ಎಂಬ ಗುಮಾಸ್ತನಿಗೆ ಇದನ್ನೆಲ್ಲ ಪಿಸುದನಿಯಲ್ಲಿ ಹೇಳಿದಳು.

"ಸ್ಕೂಲ್ ಸರ್ಟಿಫಿಕೇಟ್ ಇದೆಯಾ ಅಜ್ಜಿ?"

"ಸ್ಕೂಲಿಗೆ ಯಾರು ಕಳಿಸಿದ್ರು ಸಾರ್?"

"ಹಾಗಾದ್ರೆ ಮನೆಗೇ ಬರ್ತೀನಿ. ನಿಮ್ಮ ವಯಸ್ಸು ಗೊತ್ತಿರೋ ಹಿರೀಕರು ಯಾರಾದ್ರೂ ಹೇಳಿದ್ರೆ ಬರ್ಕೊಳ್ತೀನಿ."

ಹಿರೀಕರು ಎಂದು ಉಳಿದಿದ್ದವನು ಗಂಡನೊಬ್ಬನೇ. ಅವನಿಗೆ ಹೇಳಬೇಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿದಳು. ಈ ವಯಸ್ಸಿನಲ್ಲೂ ನಾಚಿಕೆ, ಹಾಳಾದ್ದು! ಜೊತೆಗೆ, ಅವನಿಗೆ ಲಕ್ವ ಹೊಡೆದದ್ದು ತನ್ನಿಂದಲೇ ಏನೋ ಎಂಬ ಭಯ ಬೇರೆ.

ಅಷ್ಟರಲ್ಲಿ ವಸಂತ್ ಬಂದೇಬಿಟ್ಟ. ನಲ್ಲಿಯ ಹತ್ತಿರ ಕೊಡ ಬಿಟ್ಟು ಪಿಳ್ಳಮ್ಮ ಓಡಿ ಬರುವಷ್ಟರಲ್ಲಿ ಅವನು ಮಂಚದ ಪಕ್ಕ ನಿಂತು ಕೇಳುತ್ತಿದ್ದ, "ಯಜಮಾನ್ರೇ, ನಿಮ್ಮನೆಯೋರು ನಿಮಗಿಂತ ದೊಡ್ಡೋರಾ?"

ಅಣ್ಣಯ್ಯಪ್ಪ ಸ್ವಾಧೀನವಿದ್ದ ಮೊಣಕೈ ಊರಿ ಎದ್ದ. "ಯಾವನ್ರೀ ಹಂಗಂದಿದ್ದು? ನನಗಿಂತ ಐದು ವರ್ಷ ಚಿಕ್ಕೋಳು ನನ್ನ ಹೆಂಡ್ತಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ!"

ವಸಂತ್ ಪಿಳ್ಳಮ್ಮನ ಕಡೆ ನೋಡಿದ. ಅವಳು ಹೇಳಬಹುದಿತ್ತು. ಆದರೆ ಲಕ್ವ ಹೊಡೆದ ಮೇಲೆ ಗಂಡ ಹೀಗೆ ತಲೆಯೆತ್ತಿ ಮಾತಾಡಿದ್ದನ್ನು ಅವಳು ನೋಡಿರಲೇ ಇಲ್ಲ.

"ಯಜಮಾನ್ರೇ ಹೀಗಂದ್ಮೇಲೆ ನಾನೇನು ಮಾಡ್ಲಿ ಅಜ್ಜಿ?" ಹೊಸಿಲ ಹೊರಗೆ ವಸಂತ್ ಮೆಲ್ಲಗೆ ಅಂದ. "ಇನ್ನು ನಾಲ್ಕು ವರ್ಷ ಬಿಟ್ಟು ಅರ್ಜಿ ಹಾಕಿ."

ಅವನು ಹೋದ ಮೇಲೆ ಅಣ್ಣಯ್ಯಪ್ಪ ಕರೆದ. "ಬಾರೇ ಇಲ್ಲಿ. ನೀನು ದೊಡ್ಡೋಳು ಅಂತ ಮದುವೆಯಾದ ವರ್ಷಾನೇ ನಿಮ್ಮಜ್ಜಿ ಬಾಯಿಬಿಟ್ಟಿದ್ರು. ಇವತ್ತಿನ ತನಕ ಯಾರ ಮುಂದಾದ್ರೂ ನಿನ್ನ ಬಿಟ್ಟುಕೊಟ್ಟಿದೀನಾ?"

ಪಿಳ್ಳಮ್ಮ ಮಂಚದ ಹತ್ತಿರ ಬಂದಳು. ಇಷ್ಟು ವರ್ಷ ತನ್ನ ಮಾನ ಕಾದವನಿಗೆ, ನಿನ್ನಿಂದಲೇ ಅನ್ನ ಹೋಯಿತು ಎಂದು ಹೇಗೆ ಹೇಳುವುದು?

"ಇಲ್ಲ" ಅಂದಳು.

ಬಗ್ಗಿ ಮಂಚದಡಿಯಿಂದ ಬುಟ್ಟಿ ಎಳೆದು ಧೂಳು ಕೊಡವಿದಳು. ಎದ್ದು ನಿಲ್ಲಲು ಮಂಚದ ಕಾಲು ಹಿಡಿಯಬೇಕಾಯಿತು.

"ಎಲ್ಲಿಗೇ?"

"ಮಾರ್ಕೆಟ್ಟಿಗೆ. ನನಗಿನ್ನೂ ಅರವತ್ತೊಂದು ತಾನೆ."

ತನ್ನ ಮಾತು ಹೆಂಡತಿಗೆ ಹಿಡಿಸಿತು ಎಂದುಕೊಂಡು ಅಣ್ಣಯ್ಯಪ್ಪ ಸೊಟ್ಟ ಬಾಯಲ್ಲಿ ನಕ್ಕ.