ಕೆಂಗೇರಿ ಸದ್ದು

"ಎತ್ರೋ, ಎತ್ರೋ! ಆ ಕಡೆ ಹ್ಯಾಂಡಲ್ ಹಿಡ್ಕೊಳ್ಳಿ!"

ಚನ್ನವೀರೇಶ್ ಪಂಚೆಯನ್ನು ಮೇಲಕ್ಕೆ ಕಟ್ಟಿ, ತೀರಿಕೊಂಡ ಅಣ್ಣನ ಬೈಕಿಗೆ ಹೆಗಲು ಕೊಟ್ಟು ನಿಂತಿದ್ದ. ಜೊತೆಗೆ ನಾಲ್ಕಾರು ಜನ ನೆಂಟರು. ಬೈಕು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಅದರ ಹಿಂದಿನ ಚಕ್ರ ಕಳಚಿಕೊಂಡು ಗೋಡೆಗೆ ಒರಗಿತ್ತು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿದ್ದ ಆ ಎತ್ತರದ ಟೂರಿಂಗ್ ಬೈಕು, ಮನೆ ಬಾಗಿಲಿಗೂ ಗೇಟಿಗೂ ನಡುವಿನ ಕಿರಿದಾದ ಜಾಗವನ್ನು ಪೂರ್ತಿ ತುಂಬಿಕೊಂಡಿತ್ತು. ಮೂಡಲಪಾಳ್ಯದ ಸೈಟುಗಳೇ ಅಷ್ಟು. ಬೆಳಗಿನಿಂದ ಬಂದವರೆಲ್ಲ ಹಾರ ಹಿಡಿದುಕೊಂಡು ಅಡ್ಡಡ್ಡ ನುಸುಳಿಯೇ ಒಳಗೆ ಹೋಗಿದ್ದರು.

ಒಳಗೆ ಅಣ್ಣ ಕರಿಬಸಪ್ಪನವರು ವಿಭೂತಿ ಧರಿಸಿ, ಶಲ್ಯ ಹೊದ್ದು ಹೊರಡಲು ಸಿದ್ಧರಾಗಿದ್ದರು. ಅವರ ಕಡೆಯವರಲ್ಲಿ ಸತ್ತವರು ಮಲಗುವುದಿಲ್ಲ. ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಕೂತೇ ಹೋಗುತ್ತಾರೆ, ಕೂತೇ ಮಣ್ಣಾಗುತ್ತಾರೆ. ಆದರೆ ಆ ಅಗಲದ ವಿಮಾನ ಬೈಕನ್ನು ದಾಟಿ ಗೇಟಿಗೆ ಬರುವಂತಿರಲಿಲ್ಲ. ಕೆಂಗೇರಿ ಆಚೆಯ ರುದ್ರಭೂಮಿಯಲ್ಲಿ ಗುಂಡಿ ತೆಗೆಸಿ ಆಗಿತ್ತು, ಹೊತ್ತು ಮುಳುಗುವುದರೊಳಗೆ ತಲುಪಬೇಕಿತ್ತು.

ಪಕ್ಕದ ಮನೆಯ ಚಕ್ರಪಾಣಿಗಳು ಗೋಡೆಯ ಮೇಲಿಂದ ಕತ್ತು ಚಾಚಿದರು. "ನಮ್ಮ ಕಾಂಪೌಂಡ್ ಮೇಲಿಂದ ದಾಟಿಸಿಬಿಡೋಣ್ವಾ?"

"ಯಾರನ್ನ ಸಾರ್? ಅಣ್ಣನನ್ನೋ, ಬೈಕನ್ನೋ?"

"ಯಾವುದು ಹಗುರವೋ ಅದನ್ನ."

ಚನ್ನವೀರೇಶನಿಗೆ ನಗು ಬಂತು, ಸಾವಿನ ಮನೆ ಎಂದು ನುಂಗಿಕೊಂಡ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತಿಗೆ ಬಸವರಾಜೇಶ್ವರಮ್ಮ ಕಾಣಿಸಿಕೊಂಡರು. ನಿನ್ನೆ ಮಧ್ಯಾಹ್ನದಿಂದ ಗಂಡನ ಪಕ್ಕ ಬಿಟ್ಟು ಏಳದಿದ್ದವರು, ಒಂದು ಹನಿ ಅಳದಿದ್ದವರು, ಈಗ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು.

"ಯಾರನ್ನೂ ಎಲ್ಲೂ ದಾಟಿಸ್ಬೇಡಿ. ಚಕ್ರ ಹಾಕಿ. ನಾನು ಇದ್ರಲ್ಲೇ ಅವರ ಹಿಂದೆ ಬರ್ತೀನಿ."

ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು.

"ಅತ್ತಿಗೆ, ಏನ್ ಮಾತಾಡ್ತಿದೀರ! ಇಂಥ ದಿನ ಬೈಕ್ ಸವಾರಿನಾ? ಜನ ಏನಂತಾರೆ?"

"ಜನ ಈ ಬೈಕ್ ಬಂದಾಗಿಂದ ಅಂತಾನೇ ಇದಾರಲ್ಲಪ್ಪ. ಕರ್ಕೊಂಡ್ ಹೋಗ್ತೀನಿ, ಕರ್ಕೊಂಡ್ ಹೋಗ್ತೀನಿ ಅಂದ್ರು ನಿಮ್ಮಣ್ಣ. ಒಂದ್ ಸಲನೂ ಕೂರಿಸ್ಕೊಂಡು ಹೋಗ್ಲಿಲ್ಲ. ಇವತ್ತು ಬಿಟ್ರೆ ಇನ್ಯಾವತ್ತು ನಾನು ಅವರ ಜೊತೆ ಹೋಗೋದು?"

*

ಕರಿಬಸಪ್ಪನವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುವುದು ಅವರ ಕೆಲಸ. ನಿವೃತ್ತಿಯ ದಿನ ಅವರು ಆ ಕಣ್ಣನ್ನು ಕಾರ್ಖಾನೆಯಲ್ಲೇ ಬಿಟ್ಟು ಬರಬಹುದಿತ್ತು. ಮನೆಗೆ ತಂದರು. ಆಮೇಲೆ ಬೈಕನ್ನೂ ತಂದರು.

"ಶ್ರೀಶೈಲಕ್ಕೆ ಹೋಗೋಣ ಕಣೇ. ಕಾಡಿನ ದಾರಿ. ನಾನು ಮುಂದೆ, ನೀನು ಹಿಂದೆ."

"ಶ್ರೀಶೈಲಕ್ಕೆ ದಿನಾ ಬಸ್ ಹೋಗತ್ತೆ ಕಣ್ರೀ," ಎಂದರು ಬಸವರಾಜೇಶ್ವರಮ್ಮ. ಬಾಯಲ್ಲಿ ಹಾಗೆಂದರೂ ಮಾರನೆಯ ದಿನವೇ ಟೈಲರ್ ಹತ್ತಿರ ಹೋಗಿ, ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಡದವರು, ರಾಗಿ ಬಣ್ಣದ ಒಂದು ಚೂಡಿದಾರ್ ಹೊಲಿಯಲು ಕೊಟ್ಟು ಬಂದರು.

ಬೈಕಿಗೆ ಮೊದಲು ಬಂದ ಅಲಂಕಾರವೂ ಅವರಿಗಾಗಿಯೇ. ಅವರು ಗಿಡ್ಡ, ಬೈಕು ಎತ್ತರ. ಹಿಂದೆ ಕೂತರೆ ಪಾದ ಫುಟ್‌ರೆಸ್ಟಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಕರಿಬಸಪ್ಪನವರು ಹೆಂಡತಿಯನ್ನು ಸ್ಟ್ಯಾಂಡಿನ ಮೇಲಿದ್ದ ಬೈಕಿಗೆ ಹತ್ತಿಸಿ, ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಡಿಯಿಂದ ಹಿಮ್ಮಡಿಯವರೆಗೆ ಸ್ಕೇಲು ಹಿಡಿದು ಅಳೆದರು. ಗೋಡೆಯಾಚೆ ಚಕ್ರಪಾಣಿಗಳು ನೋಡುತ್ತಿದ್ದುದನ್ನು ಕಂಡು ಬಸವರಾಜೇಶ್ವರಮ್ಮ ನಾಚಿ ನೀರಾದರು. ಅಳತೆ ಪ್ರಕಾರ ಕಬ್ಬಿಣದ ಪಟ್ಟಿ ಮಾಡಿಸಿ ಫುಟ್‌ರೆಸ್ಟನ್ನು ಕೆಳಗಿಳಿಸಿದ್ದಾಯಿತು. ಅವರು ಆ ಬೈಕಿನ ಮೇಲೆ ಕೂತದ್ದು ಅದೊಂದೇ ಸಲ.

ಆಮೇಲೆ ಎಂಜಿನ್ನಿನ ಅಡಿಗೆ ಕಲ್ಲು ಬಡಿಯದ ಹಾಗೆ ತಗಡು ಬಂತು. ಪಕ್ಕದ ಪೆಟ್ಟಿಗೆಗಳು, ಮಂಜಿನ ದೀಪ, ಕೈಗಳಿಗೆ ಗಾಳಿ ತಡೆ, ಹಿಂದಿನ ಸೀಟಿಗೆ ಮೆತ್ತೆ ಬಂದವು. ಪ್ರತಿ ಭಾನುವಾರ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಟೂತ್‌ಬ್ರಷ್ಷಿನಿಂದ ಚೈನಿನ ಒಂದೊಂದೇ ಕೊಂಡಿ ಉಜ್ಜುವುದು, ಬನಿಯನ್ ತುಂಡಿನಿಂದ ಒರೆಸುವುದು, ಎಣ್ಣೆ ಬಿಡುವುದು. ಬಿಚ್ಚಿದ ನಟ್ಟು ಬೋಲ್ಟುಗಳಿಗೆ ಹೆಂಡತಿಯ ಸ್ಟೀಲ್ ಬಟ್ಟಲುಗಳೇ ಆಗಬೇಕು. ನೆಲದ ಮೇಲಿಟ್ಟರೆ ಧೂಳು ಹತ್ತುತ್ತದಂತೆ.

ಎಲ್ಲ ಆದ ಮೇಲೆ ಒಬ್ಬರೇ ಪರೀಕ್ಷೆಗೆ ಹೊರಡುತ್ತಿದ್ದರು. ಪಾಸಾಗದ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸುವುದುಂಟೇ? ಊರೊಳಗೆ ಎಲ್ಲ ಸರಿ. ಕೆಂಗೇರಿ ಹತ್ತಿರ ಮೈಸೂರು ರಸ್ತೆ ಖಾಲಿಯಾಗಿ ವೇಗ ಸಿಕ್ಕಿದ್ದೇ ತಡ, ಎಲ್ಲಿಂದಲೋ 'ಟಕ್ ಟಕ್ ಟಕ್' ಎಂದು ಸದ್ದು ಶುರುವಾಗುತ್ತಿತ್ತು. ಅಲ್ಲೊಂದು ಟೀ ಅಂಗಡಿ. ಅದರ ಮುಂದೆ ನಿಲ್ಲಿಸಿ, ಎಲ್ಲವನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡುತ್ತಿದ್ದರು. ಎಲ್ಲವೂ ಗಟ್ಟಿ. ಟೀ ಕುಡಿದು, ಗಾಡಿ ತಿರುಗಿಸಿಕೊಂಡು ಬಂದು ಮತ್ತೆ ಬಿಚ್ಚುತ್ತಿದ್ದರು. ಒಮ್ಮೆ ಮಗಳು ವಚನಾಳನ್ನು ಒಬ್ಬಳನ್ನೇ ಅದರ ಮೇಲೆ ಕಳಿಸಿ, ತಾವು ಸ್ಕೂಟರಿನಲ್ಲಿ ಹಿಂಬಾಲಿಸಿದರು. ಅಪ್ಪನಷ್ಟೇ ಎತ್ತರದ, ಅಪ್ಪನಿಂದಲೇ ಬೈಕು ಕಲಿತ ಹುಡುಗಿ ಅವಳು. ಅವಳಿಗೂ ಕೇಳಿಸಿತು. ಚಕ್ರಪಾಣಿಗಳು ಅದಕ್ಕೆ 'ಕೆಂಗೇರಿ ಸದ್ದು' ಎಂದು ಹೆಸರಿಟ್ಟರು. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ ಎಂಬಂತೆ, ಸದ್ದು ಹೋಗುವ ತನಕ ಶ್ರೀಶೈಲವಿಲ್ಲ ಎಂದಾಯಿತು. ಬೈಕಿಗೆ ಕೆಂಗೇರಿಯೇ ಕಾಶಿ.

ಹೋದ ವಾರ ಮಾತ್ರ ಊಟ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ತಲೆ ಎತ್ತಿ, "ಸದ್ದು ಇದ್ರೆ ಇರ್ಲಿ ಕಣೇ. ಬುಧವಾರ ಹೊರಡೋಣ," ಎಂದರು. ಬಸವರಾಜೇಶ್ವರಮ್ಮನವರ ಕೈಯಿಂದ ಸೌಟು ಜಾರಿತು. ಅವರು ಚೂಡಿದಾರ್ ಇಸ್ತ್ರಿ ಮಾಡಿಸಿದರು, ಚಟ್ನಿಪುಡಿ ಕುಟ್ಟಿದರು. ಭಾನುವಾರ ಬೆಳಿಗ್ಗೆ ನೋಡಿದರೆ ಹಿಂದಿನ ಚಕ್ರ ಹೊರಗೆ!

"ಕೊನೇ ಸಲ ಬೇರಿಂಗ್ ನೋಡ್ಬಿಡ್ತೀನಿ. ಒಂದು ಬಟ್ಟಲು ಕೊಡು."

"ಇವತ್ತು ನನ್ನ ಬಟ್ಟಲು ಮುಟ್ಟಿದ್ರೆ ನೋಡಿ!"

ಅವರು ನಕ್ಕರು. ತೊಳೆಯುವುದೆಲ್ಲ ತೊಳೆದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಒಂದು ಲೋಟ ಕಾಫಿ ಕೇಳಿದರು. ಕಾಫಿ ತರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

*

ಚನ್ನವೀರೇಶ್ ಇನ್ನೂ ವಾದ ಮಾಡುತ್ತಿದ್ದ. ಕೊನೆಗೆ ಕ್ರಿಯೆ ಮಾಡಿಸಲು ಬಂದು ವಿಮಾನದ ಪಕ್ಕ ಕೂತಿದ್ದ ಅಯ್ಯನವರೇ ಬಾಯಿಬಿಟ್ಟರು.

"ಯಜಮಾನ್ರು ಕೂತ್ಕೊಂಡೇ ಹೋಗ್ತಾ ಇದಾರೆ. ಆಯಮ್ಮ ಕೂತ್ಕೊಂಡೇ ಹಿಂದೆ ಬಂದ್ರೆ ಏನಪ್ಪ ತಪ್ಪು? ಬೇಗ ಬೇಗ ಮಾಡಿ, ಹೊತ್ತಾಗ್ತಿದೆ."

ಅಷ್ಟು ಹೇಳಿದ್ದೇ ತಡ, ಗೇಟಿನ ಹೊರಗೆ ನಿಂತಿದ್ದ ಬೈಕ್ ಗೆಳೆಯರ ಗುಂಪಿನಿಂದ ನಾಗೇಂದ್ರ ಅಂಗಿಯ ತೋಳು ಮಡಚಿಕೊಂಡು ಒಳಗೆ ನುಗ್ಗಿದ. "ಗುರು, ಚಕ್ರ ಎತ್ಕೊಡು! ಚೈನ್ ಹಿಂದಕ್ಕೆ ಎಳಿ!" ಚಕ್ರ ಒಳಗೆ ಕೂತಿತು, ಚೈನು ಹಲ್ಲಿಗೆ ಬಿತ್ತು. ಜನ ಕತ್ತು ನೀಳ ಮಾಡಿ ನೋಡುತ್ತಿದ್ದರು. ಹಠಾತ್ತನೆ ನಾಗೇಂದ್ರನ ಕೈ ನಿಂತಿತು.

"ಆಂಟಿ, ಎಡಗಡೆ ಬುಷ್ ಇಲ್ಲ. ದಪ್ಪ ಉಂಗುರದ ಥರ ಇರತ್ತೆ. ಅದಿಲ್ದೆ ಚಕ್ರ ಸರಿಯಾಗಿ ಕೂರಲ್ಲ, ಗಾಡಿ ಓಡ್ಸಕ್ಕಾಗಲ್ಲ."

"ಅಂಗಡೀಲಿ ಸಿಗಲ್ವಾ?" ಎಂದಳು ವಚನಾ.

"ಈ ಗಾಡಿದು ಆರ್ಡರ್ ಹಾಕಿ ತರಿಸ್ಬೇಕು."

ಆಮೇಲೆ ಶುರುವಾಯಿತು ನೋಡಿ ಹುಡುಕಾಟ. ಅಳುತ್ತಿದ್ದವರು ಅಳು ನಿಲ್ಲಿಸಿ ಹೂವಿನ ಬುಟ್ಟಿ ಕೊಡವಿದರು. ಒಬ್ಬರು ಚಾಪೆ ಎತ್ತಿದರು, ಇನ್ನೊಬ್ಬರು ಚಪ್ಪಲಿಗಳ ರಾಶಿ ಬಗೆದರು. ಚಕ್ರಪಾಣಿಗಳು ತಮ್ಮ ಹೂಕುಂಡಗಳನ್ನೆಲ್ಲ ತಡಕಿದರು. "ಸಿಕ್ತು!" ಎಂದು ಯಾರೋ ಕೂಗಿದರು, ನೋಡಿದರೆ ಪ್ರೆಷರ್ ಕುಕ್ಕರಿನ ವೆಯ್ಟು. ಜನರ ಮಾತಿಗೆ ಅಷ್ಟು ಹೆದರಿದ್ದ ಚನ್ನವೀರೇಶನೇ ಈಗ ಮಂಚದ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ತೆವಳುತ್ತಿದ್ದ. "ಸಿಗ್ದೆ ಎಲ್ಲೋಗತ್ತೆ, ಅತ್ತಿಗೆ! ಅಣ್ಣ ಏನನ್ನೂ ಕಳೆಯೋನಲ್ಲ!"

ಬಸವರಾಜೇಶ್ವರಮ್ಮ ಅಡುಗೆಮನೆಯಲ್ಲಿ ತಮ್ಮ ಬಟ್ಟಲುಗಳ ಸಾಲನ್ನೇ ನೋಡುತ್ತ ನಿಂತಿದ್ದರು. ಎಲ್ಲ ಖಾಲಿ. ತಾವೇ ಕೊಡಲಿಲ್ಲವಲ್ಲ. ಹಾಗಾದರೆ ತೊಳೆದ ಬುಷ್ಷನ್ನು ಆ ಮನುಷ್ಯ ಎಲ್ಲಿಟ್ಟಿರಬೇಕು? ನೆಲಕ್ಕಂತೂ ಸಾಯುವ ತನಕ ಇಡುವವರಲ್ಲ. ಧೂಳೇ ಇಲ್ಲದ ಜಾಗ ಈ ಮನೆಯಲ್ಲಿ ಇನ್ನೆಲ್ಲಿದೆ?

ಅವರು ದಡದಡ ದೇವರ ಕೋಣೆಗೆ ನಡೆದರು. "ಅಯ್ನೋರೆ, ಇಲ್ಲಿದ್ದ ವಿಭೂತಿ ತಟ್ಟೆ ಎಲ್ಲಿ?"

"ಆಗ್ಲೇ ಯಜಮಾನ್ರ ಮಡಿಲಿಗೆ ಸುರಿದ್ವಲ್ಲಮ್ಮ, ಪತ್ರೆ ಜೊತೆ."

ಬಸವರಾಜೇಶ್ವರಮ್ಮ ಗಂಡನ ಮಡಿಲಲ್ಲಿದ್ದ ಬಿಲ್ವಪತ್ರೆಯ ರಾಶಿಗೆ ಕೈ ಹಾಕಿದರು. ವಿಭೂತಿ ಗಟ್ಟಿ ಸಿಕ್ಕಿತು, ಇನ್ನೊಂದು ಸಿಕ್ಕಿತು. ಮೂರನೆಯದು ತಣ್ಣಗಿತ್ತು, ನಡುವೆ ತೂತಿತ್ತು. ಬೂದಿ ಬಡಿದುಕೊಂಡು ಅದೂ ಗಟ್ಟಿಯ ಹಾಗೇ ಬೆಳ್ಳಗೆ ಕಾಣುತ್ತಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಅವರ ಜೊತೆಗೇ ಮಣ್ಣು ಸೇರುತ್ತಿತ್ತು.

ಅದನ್ನು ಎತ್ತಿ ಹಿಡಿದರು. "ತಗೊಳ್ಳಪ್ಪ ನಾಗೇಂದ್ರ. ಅವರೇ ಕೊಟ್ರು."

ಅಷ್ಟು ಹೇಳಿದವರೇ ಗಂಡನ ಮಂಡಿಗೆ ಹಣೆಯಿಟ್ಟು ಗೊಳೋ ಎಂದು ಅತ್ತರು. ನಿನ್ನೆಯಿಂದ ಬಾರದ ಅಳು ಅದು. ವಚನಾಳೂ ಅಮ್ಮನನ್ನು ಅಪ್ಪಿಕೊಂಡು ಅತ್ತಳು.

ಹೊರಗೆ ನಾಗೇಂದ್ರ ಕೊನೆಯ ನಟ್ಟು ಬಿಗಿದು ಸ್ಟಾರ್ಟ್ ಗುಂಡಿ ಒತ್ತಿದ. ಬೈಕು ಒಂದೇ ಸಲಕ್ಕೆ ಗುಡುಗಿತು. "ಆಹಾ!" ಎಂದುಬಿಟ್ಟ ಚನ್ನವೀರೇಶ್. ಎಲ್ಲರೂ ತಿರುಗಿ ನೋಡಿದಾಗ ಮುಖ ಒರೆಸಿಕೊಳ್ಳುವವನ ಹಾಗೆ ಟವಲ್ ಎಳೆದುಕೊಂಡ.

ಬೈಕು ಬೀದಿಗೆ ಬಂತು, ಹಿಂದೆಯೇ ವಿಮಾನ ಬಂತು. ಅಲ್ಲಿ ಕಾದಿದ್ದ ಲಾರಿಗೆ ಆತುರದಲ್ಲಿ ಏರಿಸುವಾಗ ವಿಮಾನ ಹಿಂದುಮುಂದಾಗಿ, ಕರಿಬಸಪ್ಪನವರ ಮುಖ ಹಿಂದಕ್ಕಾಯಿತು. "ತಿರುಗಿಸ್ರೋ!" ಎಂದು ಚನ್ನವೀರೇಶ್ ಕೂಗಿದ. ಲಾರಿಯವನು ಆಕಾಶ ತೋರಿಸಿದ. ತಿರುಗಿಸುವಷ್ಟು ಹೊತ್ತಿರಲಿಲ್ಲ.

ಆಗ ಬಸವರಾಜೇಶ್ವರಮ್ಮ ಹೊರಗೆ ಬಂದರು. ರಾಗಿ ಬಣ್ಣದ ಚೂಡಿದಾರ್, ತಲೆಗೆ ಬೀರುವಿನಲ್ಲಿ ಡಬ್ಬದೊಳಗೇ ಕಾದಿದ್ದ ಹೊಸ ಹೆಲ್ಮೆಟ್. ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ನಿಂತಿತು. "ಹಿಡ್ಕೋಮ್ಮಾ," ಎಂದಳು ಬೈಕು ಓಡಿಸಲು ಮುಂದೆ ಕೂತಿದ್ದ ವಚನಾ. ಚನ್ನವೀರೇಶನೇ ಮುಂದೆ ಬಂದು ಅತ್ತಿಗೆಗೆ ಹತ್ತಲು ಭುಜ ಕೊಟ್ಟ.

*

ನಾಗರಭಾವಿ ದಾಟಿ ಮೈಸೂರು ರಸ್ತೆಗೆ ಬರುವ ತನಕ ಬಸವರಾಜೇಶ್ವರಮ್ಮ ಮಗಳ ಸೊಂಟವನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ಒಂದು ಕಣ್ಣು ಬಿಟ್ಟರು. ಆಮೇಲೆ ಎರಡೂ ಬಿಟ್ಟರು. ಗಾಳಿ ಎದೆಗೆ ಬಡಿಯುತ್ತಿತ್ತು, ಮೆಟ್ರೋ ಕಂಬಗಳು ಓಡುತ್ತಿದ್ದವು. ಇಂಥ ದಿನ ಇಷ್ಟು ಖುಷಿಯಾಗಬಹುದೇ ಎಂದು ಅವರಿಗೇ ಭಯವಾಯಿತು. ಮುಂದೆ ಲಾರಿಯಲ್ಲಿ ಹೂವಿನ ನಡುವೆ ಗಂಡ ಇವರ ಕಡೆಗೇ ಮುಖ ಮಾಡಿ ಕೂತಿದ್ದರು.

"ಅಮ್ಮಾ, ಕೆಂಗೇರಿ ಬಂತು! ಈಗ ಬರತ್ತೆ ನೋಡು, ಅಪ್ಪನ ಸದ್ದು!"

ರಸ್ತೆ ಖಾಲಿಯಾಯಿತು. ತಡವಾಗಿದ್ದ ಲಾರಿ ವೇಗ ಹೆಚ್ಚಿಸಿತು, ವಚನಾಳೂ ಹೆಚ್ಚಿಸಿದಳು. ಇಬ್ಬರೂ ಕಿವಿಗೊಟ್ಟರು. ಎಂಜಿನ್ನಿನ ಮೊರೆತ ಬಿಟ್ಟರೆ ಬೇರೇನಿಲ್ಲ.

"ಬರ್ತಿಲ್ಲ! ಅಮ್ಮಾ, ಸದ್ದೇ ಇಲ್ಲ!"

ಬಸವರಾಜೇಶ್ವರಮ್ಮನವರ ಎಡಗಾಲು ಜೋಮು ಹಿಡಿದಿತ್ತು. ಫುಟ್‌ರೆಸ್ಟಿನಿಂದ ಸ್ವಲ್ಪ ಎತ್ತಿದರು.

ಟಕ್ ಟಕ್ ಟಕ್ ಟಕ್.

"ಬಂತು!" ಎಂದು ಚೀರಿದಳು ವಚನಾ. ಅಮ್ಮ ಹೆದರಿ ಮತ್ತೆ ಫುಟ್‌ರೆಸ್ಟಿಗೆ ಕಾಲೂರಿದರು. ಸದ್ದು ನಿಂತಿತು.

ಅವರು ಬಗ್ಗಿ ನೋಡಿದರು. ತಮ್ಮ ಮಂಡಿಯಿಂದ ಹಿಮ್ಮಡಿಯವರೆಗೆ ಸ್ಕೇಲು ಹಿಡಿದು ಅಳೆದು ಕೂರಿಸಿದ ಫುಟ್‌ರೆಸ್ಟು. ಮತ್ತೆ ಕಾಲೆತ್ತಿದರು: ಟಕ್ ಟಕ್ ಟಕ್. ಇಟ್ಟರು: ಸದ್ದಿಲ್ಲ. ಹಿಂದೆ ಕೂತವರ ಒಂದು ಕಾಲು ಅದರ ಮೇಲೆ ಬಿದ್ದಿದ್ದರೆ ಎಂದೋ ನಿಲ್ಲುತ್ತಿತ್ತು.

"ಅಯ್ಯೋ ಶಿವನೇ!" ಎಂದರು. ನಗು ಬಂತು, ಅಳು ಬಂತು, ಹೆಲ್ಮೆಟ್ಟಿನ ಗಾಜು ಮಂಜಾಯಿತು. ಅದನ್ನು ಮೇಲಕ್ಕೆ ತಳ್ಳಿ, ಲಾರಿಯಲ್ಲಿ ಕೂತಿದ್ದವರ ಕಡೆ ಕತ್ತು ಚಾಚಿ ಕೂಗಿದರು.

"ರೀ! ಕೇಳಿಸ್ತೇನ್ರೀ?"

ಅವರಿಗೆ ಕೇಳಲೆಂದು ಮತ್ತೊಮ್ಮೆ ಕಾಲೆತ್ತಿ ಸದ್ದು ಮಾಡಿಸಿದರು. ಆಮೇಲೆ ಎರಡೂ ಪಾದಗಳನ್ನು ಗಟ್ಟಿಯಾಗಿ ಊರಿ ನೆಟ್ಟಗೆ ಕೂತರು. ಎಡಗಡೆ ಟೀ ಅಂಗಡಿ ಬಂತು. ವಚನಾ ಬೈಕು ನಿಧಾನಿಸಲಿಲ್ಲ.