ಹನ್ನೆರಡು ಶಬ್ದ

"ಆ ಶಬ್ದ ಯಾರ್ಯಾರಿಗೆ ಗೊತ್ತಿತ್ತು?"

ನಾಗರಾಜ ಕೇಳಿದಾಗ ಉಮೇಶ ತಲೆಯೆತ್ತಲಿಲ್ಲ. ಅಂಗಳದಲ್ಲಿ ಒಣಗಲು ಹರಡಿದ್ದ ಈರುಳ್ಳಿಯ ಆಚೆ ಅಣ್ಣ ನಿಂತಿದ್ದ. ಗದ್ದೆಯಿಂದ ಹಾಗೇ ಬಂದವನು, ಮೊಣಕಾಲ ತನಕ ಮಣ್ಣು. ಗಲಾಟೆ ಕೇಳಿ ಪಕ್ಕದ ಮನೆಯ ಗಂಗೆಯೂ, ಕೇರಿಯ ಮತ್ತೆ ಮೂರು ನಾಲ್ಕು ಮಂದಿಯೂ ಬೇಲಿಯ ಹತ್ತಿರ ಬಂದು ನಿಂತಿದ್ದರು. ಉಮೇಶನ ಹೆಂಡತಿ ವೀಣಾ ಜಗಲಿಯ ಕಂಬ ಹಿಡಿದುಕೊಂಡು ಅಳುತ್ತಿದ್ದಳು.

"ಯಾರಿಗೂ ಇಲ್ಲ," ಎಂದ ಉಮೇಶ. "ಹೊನ್ನತ್ತೆಗೆ ಬಿಟ್ರೆ."

ಎಲ್ಲರೂ ಒಮ್ಮೆಗೇ ಹೊನ್ನಿಯ ಕಡೆ ತಿರುಗಿದರು. ಅವಳು ಮೆಟ್ಟಿಲ ಮೇಲೆ ಕೂತು ಈರುಳ್ಳಿಯ ಒಣಸಿಪ್ಪೆ ಬಿಡಿಸುತ್ತಿದ್ದಳು. ಕೈ ನಿಂತಿತು. ಉಮೇಶನನ್ನು ನೋಡಿದಳು. ಉಮೇಶ ಮೊಬೈಲು ನೋಡುತ್ತಿದ್ದ. ಅದರಲ್ಲಿ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಖಾತೆ ಇದ್ದ ಜಾಗದಲ್ಲಿ ಒಂದು ಸೊನ್ನೆ ಇತ್ತು.

ಹೆದ್ದಾರಿ ಅಗಲ ಮಾಡುವಾಗ ಮಿರ್ಜಾನದ ಅವರ ಗದ್ದೆಯ ಅಂಚು ಹೋಗಿತ್ತು. ಸರ್ಕಾರದಿಂದ ಬಂದ ಪರಿಹಾರ ಮೂರು ಪಾಲಾಯಿತು: ಅಣ್ಣ ತಮ್ಮಂದಿರದ್ದು ಎರಡು, ತೀರಿಕೊಂಡ ಅಪ್ಪನ ತಂಗಿ ಹೊನ್ನಿಯದ್ದು ಒಂದು. ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಉಮೇಶ ಮೂರನ್ನೂ ಸೇರಿಸಿ ಕ್ರಿಪ್ಟೋ ಕಾಯಿನ್ ಕೊಂಡಿದ್ದ. ಎರಡು ವರ್ಷ ಅದು ಬೆಳೆಯುತ್ತಲೇ ಹೋಯಿತು. ಭಾನುವಾರಗಳಲ್ಲಿ ಊರಿಗೆ ಬಂದಾಗ ಅಣ್ಣನಿಗೆ ಮೊಬೈಲಿನಲ್ಲಿ ಏರುವ ಗೆರೆ ತೋರಿಸುತ್ತಿದ್ದ. ನಾಗರಾಜ ಗೆರೆ ನೋಡುವುದು ಬಿಟ್ಟು ತಮ್ಮನ ಮುಖ ನೋಡಿ ತಲೆಯಾಡಿಸುತ್ತಿದ್ದ.

ಆ ದುಡ್ಡಿಗೆ ಬೀಗವೆಂದರೆ ಹನ್ನೆರಡು ಇಂಗ್ಲಿಷ್ ಶಬ್ದ. ಮೊಬೈಲು ಕಳೆದರೂ ಒಡೆದರೂ ಚಿಂತೆಯಿಲ್ಲ. ಆ ಹನ್ನೆರಡನ್ನು ಅದೇ ಕ್ರಮದಲ್ಲಿ ಹೇಳಿದರೆ ಲೋಕದ ಯಾವ ಮೂಲೆಯಿಂದಲೂ ತೆಗೆಯಬಹುದು. ಹಾಗೆಯೇ ಯಾರು ಬೇಕಾದರೂ ತೆಗೆಯಬಹುದು. ಕಾಗದದಲ್ಲಿ ಬರೆದಿಟ್ಟರೆ ಗೆದ್ದಲು ತಿನ್ನುತ್ತದೆ, ಫೋಟೋ ತೆಗೆದಿಟ್ಟರೆ ಕದಿಯುತ್ತಾರೆ. ತನ್ನ ನೆನಪಿನ ಮೇಲೆ ಉಮೇಶನಿಗೆ ನಂಬಿಕೆಯಿರಲಿಲ್ಲ. ಆಗ ಹೊಳೆದವಳು ಹೊನ್ನತ್ತೆ. ಓದು ಬರಹ ಇಲ್ಲದಿದ್ದರೂ ಸುತ್ತಲ ಹತ್ತು ಕೇರಿಗೆ ಮದುವೆ ಹಾಡು ಹೇಳುವವಳು ಅವಳೇ. ಮದುಮಗಳಿಗೆ ಅರಿಸಿನ ಹಚ್ಚುವಾಗ ತೊಡಗಿದರೆ ದಿಬ್ಬಣ ಹೊರಡುವ ತನಕ ಒಂದು ಸಾಲೂ ಹಿಂದೆಮುಂದಾಗುತ್ತಿರಲಿಲ್ಲ.

"ಲೆಮನ್ ಅಂದ್ರೆ ಎಂತದಾ?" ಎಂದು ಕೇಳಿದ್ದಳು ಅವಳು.

"ಲಿಂಬೆ."

"ಲ್ಯಾಡರ್?"

"ಏಣಿ."

"ಒಂದಕ್ಕೊಂದು ಸಂಬಂಧನೇ ಇಲ್ವಲ್ಲ ಮಾರಾಯಾ," ಎಂದು ನಕ್ಕು, ಭತ್ತ ಕುಟ್ಟುವ ಹಾಡಿನ ಧಾಟಿಗೆ ಹನ್ನೆರಡನ್ನೂ ಕೂಡಿಸಿದ್ದಳು. ಮೂರನೆಯ ಸಲಕ್ಕೆ ಅವಳ ಬಾಯಲ್ಲಿ ಅವು ಸರಾಗವಾಗಿ ಬಂದವು. ಉಮೇಶ ಕಾಗದವನ್ನು ಒಲೆಗೆ ಹಾಕಿದ್ದ.

ಈಗ ಅಂಗಳದಲ್ಲಿ ನಾಗರಾಜ ಅತ್ತೆಯ ಎದುರು ಬಂದು ನಿಂತ. "ಎಲ್ಲಾದ್ರೂ ಹಾಡಿದ್ಯಾ ಅತ್ತೆ? ಗದ್ದೆಯಲ್ಲಿ? ಬಸ್ಸಲ್ಲಿ? ನೆನಪ್ ಮಾಡ್ಕೊ."

ಹೊನ್ನಿ ಮತ್ತೊಮ್ಮೆ ಉಮೇಶನ ಕಡೆ ನೋಡಿದಳು. ಆಮೇಲೆ ಅಂದಳು: "ನನ್ನ ಬಾಯಿ ಬಿಟ್ರೆ ಅದು ಬೇರೆ ಎಲ್ಲೂ ಇರ್ಲಿಲ್ಲ."

"ಊರೆಲ್ಲ ಹಾಡ್ಕಂಡ್ ತಿರ್ಗೋ ಬಾಯಲ್ಲಿ ಯಾರಾದ್ರೂ ದುಡ್ಡು ಇಡ್ತಾರಾ?" ಎಂದು ವೀಣಾ ಜಗಲಿಯಿಂದ ಕೂಗಿದಳು. ಅದನ್ನು ಗಂಡನಿಗೆ ಹೇಳಿದಳೋ ಅತ್ತೆಗೋ ತಿಳಿಯಲಿಲ್ಲ. ಬೇಲಿಯ ಹತ್ತಿರ ಇದ್ದವರಲ್ಲಿ ಯಾರೋ, "ಬಾಯಿ ಸಡಿಲ," ಎಂದರು.

ಹೊನ್ನಿ ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದಳು. ಓಣಿಯಾಚೆಗಿನ ತನ್ನ ಒಂದು ಕೋಣೆಯ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಉಮೇಶ ಆಗಲೂ ಬಾಯಿ ತೆರೆಯಲಿಲ್ಲ.

ಅವನಿಗೆ ಗೊತ್ತಿತ್ತು. ಕಾಯಿನ್ ಮಾಯವಾಗುವ ಮೂರು ದಿನ ಮೊದಲು, ಒಂದು ಮಂಗಳವಾರ, ಅಂಗಡಿಯಲ್ಲಿದ್ದಾಗ ಒಂದು ಸಂದೇಶ ಬಂದಿತ್ತು. ಕಾಯಿನ್ ಇಟ್ಟಿರುವ ನಿಮ್ಮ ವ್ಯಾಲೆಟ್ ಹಳೆಯದಾಗಿದೆ, ಇಂದೇ ಹೊಸದು ಮಾಡಿಕೊಳ್ಳದಿದ್ದರೆ ಮುಚ್ಚಿಹೋಗುತ್ತದೆ. ಒತ್ತಿದರೆ ಹನ್ನೆರಡು ಖಾಲಿ ಚೌಕ. ದಿನಕ್ಕೆ ಹತ್ತು ಜನಕ್ಕೆ "ಓಟಿಪಿ ಯಾರಿಗೂ ಹೇಳ್ಬೇಡಿ" ಎಂದು ಬುದ್ಧಿ ಹೇಳುವವನು ಅತ್ತೆಗೆ ಫೋನು ಮಾಡಿದ್ದ.

"ಫೋನಲ್ಲಿ ಹೇಳೂಕಾಗ್ತದಾ ತಮಾ?" ಎಂದು ಅವಳೇ ಕೇಳಿದ್ದಳು.

"ಕೇಳೂದು ನಾನೇ ಅಲ್ದಾ? ಹೇಳು."

ಅವಳು ದನಿ ತಗ್ಗಿಸಿ, ಧಾಟಿ ಬಿಟ್ಟು, ಒಂದೊಂದಾಗಿ ಹೇಳಿದ್ದಳು. ಅವನು ಒಂದೊಂದಾಗಿ ತುಂಬಿದ್ದ.

ಅಂಗಳದ ಆ ಗಲಾಟೆಯಾದ ಮೇಲೆ ಮೂರು ವಾರ ಉಮೇಶ ಎಂದಿನಂತೆ ಅಂಗಡಿ ತೆರೆದ. ಗಿರಾಕಿಗಳು ಮೊಬೈಲು ಕೊಟ್ಟು, ಲಾಕ್ ತೆಗೆಯುವ ನಂಬರನ್ನು ಚೀಟಿಯಲ್ಲಿ ಬರೆದು ಕೊಟ್ಟು ಹೋಗುತ್ತಿದ್ದರು. "ನಿನ್ನ ಹತ್ರ ಕೊಟ್ರೆ ಹೆದ್ರಿಕೆ ಇಲ್ಲ," ಎಂದು ಹೈಸ್ಕೂಲಿನ ಮಾಸ್ತರರೊಬ್ಬರು ಅಂದಾಗ ಅವನಿಗೆ ಕಿವಿ ಬಿಸಿಯಾಯಿತು. ಚೀಟಿಯನ್ನು ತಿರುಗಿಸಿ ಮೇಜಿನ ಮೇಲೆ ಬೋರಲು ಇಟ್ಟ. ಈಗ ಹೇಳಿದರೂ ದುಡ್ಡು ಬರುವುದಿಲ್ಲ ಎಂದುಕೊಂಡ. ಅತ್ತೆಗೆ ಇದೆಲ್ಲ ತಿಳಿಯುವುದಿಲ್ಲ, ಮಳೆಗಾಲದ ಹೊತ್ತಿಗೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡ. ಭಾನುವಾರ ಊರಿಗೆ ಹೋಗುವುದನ್ನು ಬಿಟ್ಟ.

ಒಂದು ಮಧ್ಯಾಹ್ನ ಗಂಗೆ ಅಂಗಡಿಗೆ ಬಂದಳು. ಮಗಳ ಮದುವೆಗೆ ಜವಳಿ ತರಲು ಕುಮಟೆಗೆ ಬಂದವಳು ಚೀಲಗಳನ್ನು ಕೆಳಗಿಟ್ಟು, ಸೆರಗಿನ ಗಂಟಿನಿಂದ ಬಟನ್ ಮೊಬೈಲೊಂದನ್ನು ತೆಗೆದಳು.

"ಇದು ಹೊನ್ನಿದು. ನಂಗೆ ಬೇಡ ಅಂತ ಕೊಟ್ಟು ಕೂತದೆ. ಮದ್ವಿಗೆ ಹಾಡೂಕೆ ಬಾ ಅಂದ್ರೆ ಬರೂದಿಲ್ಲ ಅಂತದೆ. ಮಾತೇ ಇಲ್ಲ ಮಾರಾಯಾ. ಅದಿಲ್ದೆ ಹಾಡು ಎತ್ತೂರು ಯಾರು? ನಮ್ಗೆ ನಾಕ್ ಸಾಲ್ ಆದ್ಮೇಲೆ ಮುಂದೆ ಬರೂದಿಲ್ಲ."

ಉಮೇಶ ಸ್ಕ್ರೂಡ್ರೈವರ್ ಹುಡುಕುವವನಂತೆ ಡ್ರಾಯರ್ ಎಳೆದ.

"ನೋಡು," ಎಂದು ಗಂಗೆ ಮುಂದೆ ಬಾಗಿ ದನಿ ಇಳಿಸಿದಳು. "ಅದು ಹಾಡ್ಕಂಡ್ ತಿರ್ಗಲಿಲ್ಲ. ವರ್ಷೆಲ್ಲ ನಾ ಸಂತಿಗೆ ಗದ್ದಿಗೆ ಅದ್ರ ಜೊತಿಗೇ ಇರ್ತೆ. ಒಂದಿನಾನೂ ಆ ಶಬ್ದ ಕೇಳ್ಲಿಲ್ಲ. ಯಾರೋ ಮೋಸಗಾರ ಫೋನ್ ಮಾಡಿ ಕೇಳ್ಕಂಡಿರ್ಬೇಕು. ಫೋನ್ ಮಾಡ್ದೋರ ನಂಬರು ಇದ್ರಲ್ಲಿ ಇರ್ತದಂತೆ ಅಲ್ದಾ? ನೀ ನೋಡು. ಸಿಕ್ರೆ ಪೊಲೀಸರಿಗೆ ಕೊಡ್ವಾ."

ಉಮೇಶ ಬಟನ್ ಒತ್ತಿದ. ಹೊನ್ನಿಗೆ ಫೋನು ಮಾಡುವವರೇ ಕಡಿಮೆ. ಸಣ್ಣ ಪರದೆಯ ಮೇಲೆ ಮೂರೇ ಕರೆಗಳಿದ್ದವು. ಎರಡು ಗಂಗೆಯ ಮನೆಯದು. ನಡುವಿನದು ಆ ಮಂಗಳವಾರದ್ದು, ಮಧ್ಯಾಹ್ನ, ನಾಲ್ಕು ನಿಮಿಷ. ಅವನದೇ ನಂಬರು.

"ಯಾರ್ದಾ ಅದು?" ಓದು ಬಾರದ ಗಂಗೆ ಅವನ ಮುಖವನ್ನೇ ನೋಡುತ್ತಿದ್ದಳು.

"ಕಂಪನಿದು," ಎಂದ. "ಸಿಮ್ಮಿನ ಕಂಪನಿದು."

"ಹೌದಾ," ಎಂದಳು ಗಂಗೆ. ಚೀಲ ಎತ್ತಿಕೊಳ್ಳುವಾಗ ಅವಳ ಕೈ ಮೊದಲಿಗಿಂತ ನಿಧಾನವಾಗಿತ್ತು. "ನಾ ಮೂರ್ ದಿನದಿಂದ ಇದ್ನೇ ನೆನ್ಸ್ಕಂಡ್ ಬಂದಿದ್ದೆ ನೋಡು. ಆತು, ಹೋಗ್ತೆ."

ಅವಳು ರಸ್ತೆ ದಾಟುವ ತನಕ ಉಮೇಶ ನೋಡುತ್ತ ನಿಂತ. ಆಮೇಲೆ ಶಟರ್ ಎಳೆದು ಬೈಕು ಹತ್ತಿದ.

ಹೊನ್ನಿ ಮನೆಯ ಮುಂದೆ ಕೂತು ಮುರುಗಲ ಹಣ್ಣು ಸೀಳುತ್ತಿದ್ದಳು. ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಮಣಿಕಟ್ಟಿನ ತನಕ ಕೈ ಕೆಂಪಾಗಿತ್ತು. ಇಷ್ಟು ವರ್ಷ ಅವನು ಬಂದ ಕೂಡಲೇ "ಬೆಲ್ಲ ನೀರು ಕುಡೀತ್ಯಾ" ಎನ್ನುತ್ತಿದ್ದವಳು ಇವತ್ತು ಕಣ್ಣೆತ್ತಿ ನೋಡಿ ಮತ್ತೆ ಹಣ್ಣಿಗೆ ಕತ್ತಿಯಿಟ್ಟಳು.

ಉಮೇಶ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತ.

"ಅತ್ತೆ, ಅದು ನಿನ್ನಿಂದ ಹೋದದ್ದಲ್ಲ."

"ಗೊತ್ತದೆ," ಎಂದಳು ಹೊನ್ನಿ.

ಅವನು ತಲೆಯೆತ್ತಿದ.

"ಮಂಗ್ಳವಾರ ಫೋನ್ ಮಾಡಿದ್ಯಲ್ಲ. ನಾ ಒಂದೊಂದೇ ಹೇಳ್ದೆ. ನೀ ಅಲ್ಲಿ ಟಕ್ ಟಕ್ ಅಂತ ಒತ್ತೂದು ಕೇಳ್ತಿತ್ತು. ಒಂದು ಶಬ್ದ ನಿಂಗೆ ಸಮಾ ಕೇಳ್ಲಿಲ್ಲ, ಎರ್ಡ್ ಸಲ ಹೇಳ್ಸ್ದಿ." ಅವಳು ಸೀಳಿದ ಹಣ್ಣಿನ ಬೀಜ ತೆಗೆದಳು. "ನಂಗೆ ಓದು ಬರೂದಿಲ್ಲ. ಮರ್ತು ಹೋಗೂದಿಲ್ಲ."

"ಹಂಗಾರೆ ಅವತ್ತೇ ಎಂತಕ್ಕೆ ಹೇಳ್ಲಿಲ್ಲ? ಎಲ್ಲರೆದ್ರಿಗೆ?"

"ನೀ ಹೇಳ್ತೀ ಅಂದ್ಕಂಡೆ."

ಓಣಿಯಲ್ಲಿ ಯಾರದೋ ಸೈಕಲ್ಲು ಹಾದು ಹೋಯಿತು. ಹೊನ್ನಿ ಅದು ದೂರವಾಗುವ ತನಕ ಕಾದಳು.

"ಅವತ್ತು ಹೇಳ್ಲಿಲ್ಲ. ಮರುದಿನ ಹೇಳ್ತೀ ಅಂದ್ಕಂಡೆ. ಐತವಾರ ಬರ್ತೀ ಅಂತ ನೋಡ್ದೆ. ಮೂರ್ ಐತವಾರ ಆತು."

"ಹಾಡು ಎಂತಕ್ಕೆ ಬಿಟ್ಟೆ ಅತ್ತೆ?"

"ಬಾಯಿ ಸಡಿಲ ಅಂದ್ರಲ್ಲ. ಅವ್ರ ಎದ್ರಿಗೆ ಬಾಯಿ ಬಿಡೂಕೆ ನಾಚ್ಕಿ ಆಗ್ತದೆ."

ಉಮೇಶ ಬಾಗಿ ಅವಳ ಕಾಲಿಗೆ ಕೈಚಾಚಿದ. ಹೊನ್ನಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಬೇಡ. ನನ್ ಹತ್ರ ಹೇಳಿ ಎಂತಾಗೂದದೆ? ನಾಗರಾಜಂಗೆ ಹೇಳು."

ನಾಗರಾಜ ಮನೆಯ ಹಿಂದೆ ಈರುಳ್ಳಿಯ ಎಲೆಗಳನ್ನು ಹೆಣೆದು ಗೊಂಚಲು ಕಟ್ಟುತ್ತಿದ್ದ. ಸಂಜೆ ಹೆದ್ದಾರಿಯ ಬದಿಗೆ ತೂಗುಹಾಕಿ ಮಾರಲು. ಉಮೇಶ ನಿಂತುಕೊಂಡೇ ಹೇಳಿದ. ಸಂದೇಶ ಬಂದದ್ದು, ಚೌಕಗಳನ್ನು ತುಂಬಿದ್ದು, ಗಂಗೆಗೆ ಸುಳ್ಳು ಹೇಳಿದ್ದು ಎಲ್ಲ. ಅಣ್ಣ ಬೈಯುತ್ತಾನೆ, ಎದ್ದು ಎರಡು ಬಿಗಿಯುತ್ತಾನೆ ಎಂದುಕೊಂಡಿದ್ದ. ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತ್ತು.

ನಾಗರಾಜ ಕೈಯಲ್ಲಿದ್ದ ಗೊಂಚಲನ್ನು ಕೆಳಗಿಟ್ಟ. "ಮೂರು ವಾರ ಆತು ನಾ ಅತ್ತೆಯ ಮಾತಾಡ್ಸಿ," ಎಂದ. "ದಿನಾ ಅದ್ರ ಬಾಗ್ಲ ಮುಂದೇ ಹೋಗ್ತೆ. ಮುಖ ತಿರುಗ್ಸ್ಕಂಡ್ ಹೋಗ್ತೆ."

"ಅಣ್ಣಾ—"

"ಅವತ್ತು ಅಂಗಳದಲ್ಲಿ ಯಾರ್ಯಾರಿದ್ರು?"

ಉಮೇಶ ಹೆಸರು ಹೇಳಿದ. ಅವನು ಮರೆತ ಒಂದು ಹೆಸರನ್ನು ನಾಗರಾಜ ಸೇರಿಸಿದ.

"ಎಲ್ಲರ ಮನೆಗೂ ಹೋಗು. ಒಬ್ನೇ ಹೋಗು. ನಾ ಬರೂದಿಲ್ಲ." ಮತ್ತೆ ಗೊಂಚಲು ಎತ್ತಿಕೊಂಡು ತಮ್ಮನಿಗೆ ಬೆನ್ನು ಮಾಡಿ ಕೂತ.

ಮೊದಲು ವೀಣಾಳಿಗೆ ಫೋನು ಮಾಡಿ ಹೇಳಿದ. "ನಾ ಅವ್ರಿಗೆ ಎಂಥಾ ಮಾತು ಅಂದೆ," ಎಂದಳು. "ನೀವು ಅಲ್ಲೇ ನಿಂತಿದ್ರಿ. ಅನ್ನೂಕೆ ಬಿಟ್ರಿ." ಫೋನು ಇಟ್ಟಳು.

ಕೇರಿಯ ಮನೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಆಯಿತು. ಒಬ್ಬರು ಪೂರ್ತಿ ಕೇಳದೆ, ಆದದ್ದು ಆತು ಬಿಡು, ಚಾ ಕುಡಿ ಎಂದರು. ಅವನು ಚಾ ಕುಡಿಯದೆ ಎದ್ದ. ಇನ್ನೊಬ್ಬರು ಎಲ್ಲ ಕೇಳಿ, ಮೊಬೈಲ್ ಅಂಗಡಿಯವನೇ ಹೀಗೆ ಮಾಡಿದರೆ ಎಂದು ನಕ್ಕರು. ನಕ್ಕದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ. "ಬಾಯಿ ಸಡಿಲ" ಎಂದಿದ್ದ ಮುದುಕ ಮಾತ್ರ ಎಲೆಯಡಿಕೆ ಉಗುಳಲು ಎದ್ದು ಹೋದವನು ತಿರುಗಿ ಬರಲೇ ಇಲ್ಲ.

ಗಂಗೆಯ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದ. ಅಲ್ಲಿ ಚಪ್ಪರಕ್ಕೆ ಕಂಬ ನೆಟ್ಟಾಗಿತ್ತು. ಮಿಲ್ಲಿನ ಅಕ್ಕಿಯ ಮೂಟೆ ಒಳಗಿದ್ದರೂ ಶಾಸ್ತ್ರಕ್ಕೆಂದು ನಾಲ್ಕು ಸೇರು ಭತ್ತವನ್ನು ಒನಕೆಯಲ್ಲೇ ಕುಟ್ಟಬೇಕು. ಐದಾರು ಹೆಂಗಸರು ಒರಳಿನ ಸುತ್ತ ಇದ್ದರು. ಜವಳಿ ಚೀಲ ಜಗಲಿಯ ಮೇಲೆ ಬಿಚ್ಚದೆ ಬಿದ್ದಿತ್ತು. ಹಾಡಿರಲಿಲ್ಲ. ಒನಕೆ ಬೀಳುವ ಸದ್ದು, ಮತ್ತೆ ಒನಕೆ ಬೀಳುವ ಸದ್ದು.

"ಎಂತದಾ, ಅಂಗಡಿ ಮುಚ್ಚಿ ಬಂದ್ಯಾ?" ಎಂದಳು ಗಂಗೆ. "ಕಂಪನಿದು ಬಿಟ್ಟು ಬೇರೆ ನಂಬರು ಸಿಕ್ತಾ?"

ಉಮೇಶ ಚಪ್ಪಲಿ ಬಿಟ್ಟು ಅಂಗಳದ ಅಂಚಿನಲ್ಲಿ ನಿಂತ. ಒನಕೆ ನಿಂತಿತು.

"ಆ ನಂಬರು ನಂದು," ಎಂದ. "ನಾನೇ ಫೋನ್ ಮಾಡಿ ಕೇಳ್ಕಂಡದ್ದು. ಮೋಸದವ್ರಿಗೆ ಕೊಟ್ಟದ್ದೂ ನಾನೇ. ಅತ್ತೆ ಯಾರ್ ಹತ್ರಾನೂ ಹೇಳ್ಲಿಲ್ಲ, ಎಲ್ಲೂ ಹಾಡ್ಲಿಲ್ಲ. ನಂಗೆ ಅವತ್ತೇ ಗೊತ್ತಿತ್ತು."

ಯಾರೂ ಕೂತುಕೋ ಎನ್ನಲಿಲ್ಲ. ಗಂಗೆ ಒನಕೆಯನ್ನು ಗೋಡೆಗೆ ಒರಗಿಸಿದಳು. ಅವನ ಹತ್ತಿರ ಬಂದು, ಮೊದಲ ಸಲ ನೋಡುವವಳಂತೆ ಅವನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಬರಿಗಾಲಲ್ಲೇ ಓಣಿಯ ಕಡೆ ನಡೆದಳು. ಹೊನ್ನಿಯ ಮನೆಯ ದಾರಿ ಅದು. ಒಬ್ಬೊಬ್ಬರಾಗಿ ಉಳಿದ ಹೆಂಗಸರೂ ಕೈಯ ತೌಡು ಕೊಡವಿ ಅವಳ ಹಿಂದೆ ಹೋದರು.

ಅಂಗಳ ಖಾಲಿಯಾಯಿತು. ಅರ್ಧ ಕುಟ್ಟಿದ ಭತ್ತ ಒರಳಲ್ಲೇ ಇತ್ತು. ಕೇರಿದ ಅಕ್ಕಿ ಮೊರದಲ್ಲಿತ್ತು. ಕೊಟ್ಟಿಗೆಯ ಕಡೆಯಿಂದ ಒಂದು ಕೋಳಿ ಕತ್ತು ಚಾಚಿ ನೋಡಿ ಬಂತು, ಅದರ ಹಿಂದೆ ಇನ್ನೆರಡು. ಉಮೇಶ ಕೈ ಬೀಸಿ ಓಡಿಸಿದ. ಅವು ಬೇಲಿಯ ತನಕ ಹೋಗಿ ಮತ್ತೆ ತಿರುಗಿದವು. ಅವನು ಒರಳಿನ ಪಕ್ಕ ನೆಲದ ಮೇಲೆ ಕೂತು, ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು, ಹೆಂಗಸರು ಹೋದ ದಾರಿಯನ್ನೂ ಕೋಳಿಗಳನ್ನೂ ನೋಡುತ್ತ ಕಾಯತೊಡಗಿದ.