ಗೇಣಿಗೆ ಗೇಣು

ಮುನಿಯಲ್ಲಮ್ಮನ ಬೊಂತೆಯೊಳಗೆ ಕೈ ಹಾಕಿದರೆ ಕೈ ಆಚೆ ಬದಿಗೆ ಬರುತ್ತಿತ್ತು. ನಾಲ್ಕು ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದಿದ್ದ ಆ ಹೊದಿಕೆಯಲ್ಲಿ ಈಗ ಬಟ್ಟೆಗಿಂತ ತೂತೇ ಹೆಚ್ಚು. ಎಂಬತ್ತು ದಾಟಿದ ಮುದುಕಿ, ಊರೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿತ್ತು. ಅವಳಿಗೆ ಬೇರೆ ಆಸೆ ಯಾವುದೂ ಉಳಿದಿರಲಿಲ್ಲ. ಸಂಕ್ರಾಂತಿಯೊಳಗೆ ಒಂದು ಹೊಸ ಬೊಂತೆ ಆಗಬೇಕು, ಅಷ್ಟೇ. ಕುರುಡುಮಲೆ ಕಡೆಯ ಚಳಿ ಮುದುಕರು ಮಕ್ಕಳು ಅಂತ ನೋಡುವುದಿಲ್ಲ.

ಮೊಮ್ಮಗ ಗಂಗುಲಪ್ಪ ಮುಳಬಾಗಿಲಿನ ಸಂತೆಯಿಂದ ಬರಿಗೈಯಲ್ಲಿ ಬಂದ.

"ಬಟ್ಟೆ ತಂದ್ಯೇನ್ಲಾ?"

"ಬಟ್ಟೆ ಎಲ್ಲವ್ವಾ, ಬರೀ ರೇಟು ಕೇಳ್ಕೊಂಡು ಬಂದೆ. ಮೂರು ರೂಪಾಯಿ ಸೀರೆ ಒಂಬತ್ತಾಗೈತೆ. ಯುದ್ಧ ಅಂತೆ."

"ಯುದ್ಧ ಮಾಡೋರು ಸೀರೆ ಉಡ್ತಾರೇನೋ?"

ಗಂಗುಲಪ್ಪ ಕಾಲು ತೊಳೆಯಲು ಹೋದ. ಬೊಂತೆಗೆ ಹೊಸ ಬಟ್ಟೆಯೇ ಬೇಕೆಂದೇನೂ ಇಲ್ಲ, ಹಳೆಯದಾದರೂ ನಡೆಯುತ್ತದೆ. ಆದರೆ ಹೊಸ ಸೀರೆ ಬಂದರಲ್ಲವೇ ಹಳೆಯದು ಹಳೆಯದಾಗುವುದು? ಆ ವರ್ಷ ಊರಿನಲ್ಲಿ ಹಳೆ ಸೀರೆ ಅನ್ನುವುದೇ ಇರಲಿಲ್ಲ. ಇದ್ದದ್ದೆಲ್ಲ ಉಡುವ ಸೀರೆಯೇ, ತೇಪೆಯ ಮೇಲೆ ತೇಪೆ ಹಾಕಿಸಿಕೊಂಡು.

ಹೀಗಿರುವಾಗ ಒಂದು ದಿನ ಹಿಂದಿನ ಬೀದಿಯ ಶಾಮಲಮ್ಮ ಬಂದು ಜಗಲಿಯ ಮೇಲೆ ಕೂತಳು. ಅವಳ ಮಗಳಿಗೆ ಹೆರಿಗೆಯಾಗಿತ್ತು.

"ಅವ್ವಾ, ಕೂಸಿನ ಬೊಂತೆಗೆ ನಿನ್ನ ಸೀರೆದೊಂದು ತುಂಡು ಕೊಡು. ತುಂಬಿ ಬಾಳಿದೋರ ಬಟ್ಟೆ ಮೇಲೆ ಮಲಗಿಸಿದ್ರೆ ಆಯಸ್ಸು ಅಂತಾರೆ."

ಈ ಶಾಸ್ತ್ರ ಹಿಂದಿನಿಂದಲೂ ಇದ್ದದ್ದೇ. ಆದರೆ ಅಂಗಡಿಯಲ್ಲಿ ಮೆತ್ತನೆಯ ಮಲ್ಲು ಬಟ್ಟೆ ಸಿಗುತ್ತಿದ್ದಾಗ ಇದೇ ಶಾಮಲಮ್ಮನಿಗೆ ಅದು ಮರೆತುಹೋಗಿತ್ತು. ರೇಟು ಏರಿದ ಮೇಲೆ ಶಾಸ್ತ್ರವೂ ನೆನಪಾಯಿತು. ಮುನಿಯಲ್ಲಮ್ಮ ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

"ಕೊಡ್ತೀನಿ ಕಣೇ. ನನ್ನದೊಂದು ಗೇಣಿಗೆ ನಿನ್ನದೊಂದು ಗೇಣು."

ಅಲ್ಲಿಗೆ ದಾರಿ ಸಿಕ್ಕಿತು. ಇಡೀ ಸೀರೆ ಯಾರ ಮನೆಯಲ್ಲೂ ಇರಲಿಲ್ಲ, ಆದರೆ ಒಂದು ಗೇಣು ಎಲ್ಲರ ಮನೆಯಲ್ಲೂ ಇತ್ತು. ಮುನಿಯಲ್ಲಮ್ಮನ ಚಿಂದಿಗೆ ಬದಲಾಗಿ ಅಂಚು ಹೋದ ರವಿಕೆ, ಪಂಚೆಯ ತುದಿ, ಸೆರಗಿನ ಮೂಲೆ ಒಂದೊಂದಾಗಿ ಬಂದು ಮುದುಕಿಯ ಬುಟ್ಟಿಗೆ ಬಿದ್ದವು. ಮೊಮ್ಮಗನ ಹೆಂಡತಿ ಕದಿರಮ್ಮ ದಬ್ಬಳ ಹಿಡಿದು ತುಂಡಿಗೆ ತುಂಡು ಜೋಡಿಸಿದಳು. ಹದಿನೈದು ದಿನಕ್ಕೆ ಬೊಂತೆ ಅರ್ಧವಾಯಿತು. ಅಷ್ಟರಲ್ಲಿ ಮುದುಕಿಯ ಚಿಂದಿಯೂ ಮುಗಿಯಿತು.

"ಇನ್ನು ಉಟ್ಟಿರೋದನ್ನೇ ಹರೀಬೇಕು. ಮಾನ ಬೇಡವೇನ್ರೇ ನಂಗೆ?" ಎಂದು ಅವಳು ಬಂದವರನ್ನು ಗದರಿದಳು.

ಶಾಮಲಮ್ಮನ ತಲೆಯೇ ಮತ್ತೆ ಓಡಿತು. "ನಿಂದು ಹರೀಬೇಡ ಬಿಡವ್ವ. ನಮ್ಮ ಸೀರೇನೇ ನೀನೊಂದಿನ ಉಟ್ಕೊಡು. ಆಯಸ್ಸು ಅದಕ್ಕೂ ಹತ್ತುತ್ತೆ."

ಹತ್ತುತ್ತದೋ ಇಲ್ಲವೋ, ಯಾರು ಕಂಡವರು? ಬಟ್ಟೆಯ ಬರಗಾಲದಲ್ಲಿ ಊರಿಗೆಲ್ಲ ಉಡಲೊಂದು ಒಗೆಯಲೊಂದು ಸೀರೆ, ಮುನಿಯಲ್ಲಮ್ಮನಿಗೆ ಮಾತ್ರ ದಿನಕ್ಕೊಂದು. ಇವತ್ತು ಹಸಿರು, ನಾಳೆ ಕೆಂಪು. ಬೆಳಗ್ಗೆ ಉಟ್ಟು ಜಗಲಿಯ ಮೇಲೆ ಕೂರುವುದು, ಸಂಜೆ ಒಂದು ಗೇಣು ಕೂಲಿ ಕತ್ತರಿಸಿಕೊಂಡು ಸೀರೆ ಹಿಂದಕ್ಕೆ ಕೊಡುವುದು.

"ಏನವ್ವಾ, ಮದುವೆಗೆ ಹೊರಟಿದ್ದೀಯಾ?" ಎಂದು ಗಂಗುಲಪ್ಪ ಕೆಣಕಿದರೆ, "ಗಂಡು ಸಿಕ್ಕಿದ್ರೆ ಹೇಳೋ" ಎನ್ನುತ್ತಿದ್ದಳು. ಅಷ್ಟು ಖುಷಿಯಾಗಿ ಅವಳು ಇದ್ದು ಎಷ್ಟೋ ವರ್ಷವಾಗಿತ್ತು.

ಸಂಕ್ರಾಂತಿಗೆ ಎರಡು ದಿನ ಮುಂಚೆ ಬೊಂತೆ ಮುಗಿಯಿತು. ನಲವತ್ತು ಮನೆಯ ನಲವತ್ತು ಬಣ್ಣ. ಮುದುಕಿ ಅದನ್ನು ಬಿಸಿಲಿಗೆ ಹರಡಿ ಪಕ್ಕದಲ್ಲೇ ಕಾವಲು ಕೂತಳು. ಆಗ ಕೆಳಗಿನ ಬೀದಿಯ ಆದಿಲಕ್ಷ್ಮಿ ಬಂದಳು. ಎದೆಗವಚಿಕೊಂಡ ಒಂದು ತಿಂಗಳ ಕೂಸಿಗೆ ಗಂಡನ ಹಳೆ ಟವಲು ಸುತ್ತಿದ್ದಳು. ಹಿಂದಿನ ಎರಡು ಮಕ್ಕಳನ್ನೂ ಚಳಿಗಾಲದ ಕಫ ಕೊಂಡೊಯ್ದಿತ್ತು. ಒಂದಂತೂ ತಿಂಗಳೂ ತುಂಬಿಸಲಿಲ್ಲ, ಇನ್ನೊಂದು ಮೂರು ತಿಂಗಳ ಮೇಲೆ ನಾಲ್ಕು ದಿನ ಇತ್ತು.

"ನನ್ನತ್ರ ಉಟ್ಟಿರೋ ಸೀರೆ ಬಿಟ್ರೆ ಏನೂ ಇಲ್ಲವ್ವ, ಗೇಣು ಎಲ್ಲಿಂದ ತರ್ಲಿ? ನಿನ್ನ ಬೊಂತೇಲಿ ಬೆರಳಗಲ ಕೊಡು, ಸಾಕು. ಇವನ ತಲೆ ಅಡಿ ಇಡ್ತೀನಿ."

ಮುನಿಯಲ್ಲಮ್ಮನ ನಗು ಬತ್ತಿತು. ಅವಳೂ ಏಳು ಹೆತ್ತವಳು. ಏಳನ್ನೂ ತೊಂಬತ್ತು ವರ್ಷ ಬಾಳಿದ ಅತ್ತೆಯ ಸೀರೆಯ ಮೇಲೆಯೇ ಮಲಗಿಸಿದ್ದಳು. ಉಳಿದದ್ದು ಎರಡು. ಗೇಣಿಗೆ ಗೇಣು ಎಣಿಸಿಕೊಳ್ಳುವಾಗ ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ನಾಚಿಕೆಯಾಯಿತು. ಜೊತೆಗೆ, ಸುಳ್ಳೇಕೆ, ಹೊಸ ಬೊಂತೆಗೆ ಕತ್ತರಿ ಹಾಕಲು ಮನಸ್ಸೂ ಬರಲಿಲ್ಲ.

"ಇದರಲ್ಲಿ ಆಯಸ್ಸಿಲ್ಲ ಕಣೇ ಆದಿಲಕ್ಷ್ಮಿ" ಎಂದಳು. "ಇದ್ದಿದ್ರೆ ನನ್ನ ಐದು ಮಕ್ಕಳು ಯಾಕೆ ಹೋಗ್ತಿದ್ವು? ಇದರಲ್ಲಿರೋದು ಕಾವು ಒಂದೇ. ಬೆರಳಗಲ ಬಟ್ಟೇಲಿ ಕಾವು ಎಲ್ಲಿಂದ ಬರುತ್ತೆ?"

ಆದಿಲಕ್ಷ್ಮಿಯ ಕಣ್ಣು ತುಂಬಿತು. ಇನ್ನೇನು ಎದ್ದು ಹೊರಡಬೇಕು, ಮುದುಕಿ ಎರಡೂ ಕೈ ಚಾಚಿದಳು.

"ಅಳೋದು ಬಿಟ್ಟು ಕೂಸನ್ನ ಇಲ್ಲಿ ಕೊಡು. ಇಲ್ಲೇ ನನ್ನ ಪಕ್ಕದಲ್ಲಿ ಮಲಗ್ಲಿ. ರಾತ್ರಿ ನೀನೂ ಇಲ್ಲೇ ಬಂದು ಮಲಗು. ಬೆಳಗ್ಗೆ ರೇಷ್ಮೆ ಸೊಪ್ಪು ಕೊಯ್ಯೋಕೆ ಹೋಗು, ಹಾಲಿನ ಹೊತ್ತಿಗೆ ಬಾ."

ಹೊಸ ಬೊಂತೆಯನ್ನು ಆ ಕೂಸು ಮೊದಲ ದಿನವೇ ಒದ್ದೆ ಮಾಡಿತು. "ರೇಟು ಗೊತ್ತೇನ್ಲಾ ಇದಕ್ಕೆ?" ಎಂದು ಮುದುಕಿ ಕೂಸನ್ನೇ ಬೈದಳು. ಊರವರು ಸುಮ್ಮನಿರುವರೇ? ಅವ್ವ ಉಟ್ಟ ಸೀರೆಗೇ ಅಷ್ಟು ಆಯಸ್ಸಾದರೆ ಅವ್ವನ ಪಕ್ಕಕ್ಕೆ ಇನ್ನೆಷ್ಟಿರಬೇಡ! ಶಾಮಲಮ್ಮನೇ ಮೊದಲು ಮೊಮ್ಮಗಳನ್ನು ತಂದು ಮಲಗಿಸಿದಳು. ಮಾಘ ಮಾಸದ ಹೊತ್ತಿಗೆ ಬೊಂತೆಯಡಿ ಮೂರು ಕೂಸು, ಅಂಚಿನಲ್ಲಿ ಮುದುಕಿ. ಅವಳ ಒಂದು ಕಾಲು ಯಾವಾಗಲೂ ಚಳಿಯಲ್ಲೇ ಇರುತ್ತಿತ್ತು. ಬೊಂತೆ ಯಾರಿಗೆ ಹೊಲಿದದ್ದು ಎಂದು ಕದಿರಮ್ಮ ಕೇಳಿದರೆ, "ಗೇಣು ಕೊಟ್ಟೋರ ಪಾಲೂ ಇದೆಯಲ್ಲೇ" ಎನ್ನುತ್ತಿದ್ದಳು.

ಆದರೆ ಅವಳ ಕಿವಿ ಸದಾ ಆದಿಲಕ್ಷ್ಮಿಯ ಮಗನ ಎದೆಯ ಕಡೆಗೇ. ಉಸಿರು ಗೊರಗುಟ್ಟಿದರೆ ಓಮದ ಗಂಟು ಬಿಸಿ ಮಾಡಿ ಎದೆಗಿಡುವಳು. ಮಾಘ ಕಳೆಯಿತು, ಬಿಸಿಲು ಬಲಿಯಿತು. ಯುಗಾದಿ ಇನ್ನೂ ವಾರವಿದೆ ಎನ್ನುವಾಗ ಒಂದು ಬೆಳಗ್ಗೆ ಆದಿಲಕ್ಷ್ಮಿ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಲ್ಲೇ ನಿಂತಳು. ಹೋಗಲೊಲ್ಲಳು.

"ಏನೇ ಅದು?"

"ಅವ್ವಾ, ಇವತ್ತಿಗೆ ಇವನು ಹೋದೋರಿಬ್ಬರಿಗಿಂತ ಒಂದು ದಿನ ದೊಡ್ಡೋನಾದ."

ಮುನಿಯಲ್ಲಮ್ಮ ಬೊಂತೆಯಡಿ ಕೈಯಾಡಿಸಿ ಕೂಸಿನ ಪಾದ ಹಿಡಿದು ನೋಡಿದಳು. ಬೆಚ್ಚಗಿತ್ತು.

"ನಾಳೆ ಎರಡು ದಿನ ದೊಡ್ಡೋನಾಗ್ತಾನೆ" ಎಂದಳು. "ಹೋಗೇ, ಸೊಪ್ಪಿಗೆ ಹೊತ್ತಾಯ್ತು."